ಆಟಕ್ಕೊಂದು ಹೆಸರು

ಮಗುವಿಗೆ ಹೆಸರಿಡುವುದಕ್ಕೆ ನಮ್ಮಲ್ಲಿ ತೊಟ್ಟಿಲ ಶಾಸ್ತ್ರವಿದೆ. ಊರಿಗೆ ಹೆಸರು ಬಂದ ಬಗೆಯನ್ನು ಹೇಳಲು ಸ್ಥಳಪುರಾಣಗಳಿವೆ. ಹಾವುಗಳ ಕೇರಿಯಾದುದರಿಂದ ಹಾವೇರಿಯಾಯಿತೆಂದು ನಮ್ಮ ಕಡೆಯ ಹಿರಿಯರು ಹೇಳುವುದುಂಟು. ಆದರೆ ಆಟಕ್ಕೆ ಹೆಸರು ಹೇಗೆ ಬಂದಿತು, ಒಂದು ಹೆಸರು ತಲೆಮಾರುಗಳ ಕಾಲ ಮಕ್ಕಳ ಬಾಯಲ್ಲಿ ಬಾಳಿ ಇನ್ನೊಂದು ಪೆಟ್ಟಿಗೆಯ ಮುಚ್ಚಳದ ಮೇಲೆಯೆ ಉಳಿದುಬಿಡುವುದೇಕೆ ಎಂದು ಕೇಳುವವರು ವಿರಳ. ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೂ ಇದರಲ್ಲಿ ಎಣಿಕೆಗೆ ಸಿಕ್ಕುವ ಅಂಶವೊಂದು ಅಡಗಿರುವುದರಿಂದ, ವಿಜ್ಞಾನದ ಪುಟಗಳಲ್ಲಿ ಇದಕ್ಕೆ ಸ್ವಲ್ಪ ಎಡೆಮಾಡಿಕೊಡುವುದು ಅನುಚಿತವಾಗಲಾರದು.

ಈಚಿನ ವರ್ಷಗಳಲ್ಲಿ ಕಾಲೇಜು ವಿದ್ಯಾರ್ಥಿಗಳ ಕೊಠಡಿಗಳಲ್ಲಿ ಹೊಸದೊಂದು ಬಗೆಯ ಆಟ ಕಾಣಿಸಿಕೊಂಡಿದೆ. ಇಂಗ್ಲಿಷಿನಲ್ಲಿ ಇದನ್ನು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ನಾವು ಪಾತ್ರದ ಆಟ ಎನ್ನೋಣ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಅವರಲ್ಲಿ ಒಬ್ಬನು ಕಥೆಯನ್ನು ನಡೆಸುವವನು. ನಮ್ಮ ದೊಡ್ಡಾಟದ ಭಾಗವತನಿದ್ದಂತೆ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ಧರಿಸಿ, "ನಾನು ಈಗ ಬಾಗಿಲನ್ನು ತೆರೆಯುತ್ತೇನೆ", "ನಾನು ಕಾವಲುಗಾರನೊಡನೆ ಮಾತಾಡುತ್ತೇನೆ" ಎಂದು ತಮ್ಮ ನಡೆಯನ್ನು ಬಾಯಿಂದ ಹೇಳುತ್ತಾರೆ. ದೊಡ್ಡಾಟದಲ್ಲಿರುವಂತೆ ಮೊದಲೆ ಬರೆದಿಟ್ಟ ಮಾತುಗಳಿಲ್ಲ. ನಡೆ ಸಫಲವಾಯಿತೆ ವಿಫಲವಾಯಿತೆ ಎಂಬುದನ್ನು ದಾಳ ನಿರ್ಧರಿಸುತ್ತದೆ. ಗೆಲುವು ಸೋಲುಗಳಿಗಿಂತ ಕಥೆ ಮುಂದುವರಿಯುವುದೆ ಇಲ್ಲಿ ಮುಖ್ಯ.

ಇಂಥ ಆಟಕ್ಕೆ ಹೆಸರು ಬಹಳ ಮುಖ್ಯವಾಗುವುದಕ್ಕೆ ಒಂದು ಕಾರಣವಿದೆ. ಚದುರಂಗದ ಹೆಸರನ್ನು ಎಂದೂ ಕೇಳದವನಿಗೂ ಮಣೆಯನ್ನು, ಆನೆ ಕುದುರೆಗಳನ್ನು ತೋರಿಸಿದರೆ ಇದೇನೋ ಯುದ್ಧದ ಆಟವಿರಬೇಕೆಂದು ಅರ್ಥವಾಗುತ್ತದೆ. ಪಾತ್ರದ ಆಟದಲ್ಲಿ ಕಣ್ಣಿಗೆ ಕಾಣುವುದು ಒಂದು ಪುಸ್ತಕ, ಒಂದು ಪೆನ್ಸಿಲು, ಕೆಲವು ದಾಳಗಳು, ಅಷ್ಟೆ. ಉಳಿದುದೆಲ್ಲವೂ ಮಾತು. ಆಟ ಪ್ರಾರಂಭವಾಗುವುದಕ್ಕೆ ಮುಂಚೆ ಆಟಗಾರನ ಕೈಗೆ ಸಿಕ್ಕುವ ಏಕಮಾತ್ರ ವಸ್ತುವೆಂದರೆ ಅದರ ಹೆಸರು. ಹಾಗಾದರೆ ಒಳ್ಳೆಯ ಹೆಸರು ಯಾವುದು? ಉತ್ತರಕ್ಕಾಗಿ ನಾವು ಅಮೆರಿಕಕ್ಕೆ ಹೋಗುವ ಮೊದಲು ನಮ್ಮ ಜಗುಲಿಯ ಮೇಲೆ ಕವಡೆ ಎಸೆಯುವವರ ಬಳಿ ಸ್ವಲ್ಪ ಹೊತ್ತು ನಿಲ್ಲುವುದು ಲೇಸು.

ಐದು ಸಾಲು, ಐದು ಕಂಬಗಳಲ್ಲಿ ೨೫ ಮನೆಗಳನ್ನು ಸೀಮೆಸುಣ್ಣದಿಂದ ಬರೆದು, ನಾಲ್ಕು ಕವಡೆಗಳನ್ನು ಎಸೆದು, ಬಳೆಯ ಚೂರನ್ನೊ ಕಲ್ಲಿನ ಹರಳನ್ನೊ ಕಾಯಿಯಾಗಿ ನಡೆಸುವ ಆಟವನ್ನು ಬಲ್ಲದ ಕನ್ನಡಿಗರು ಕಡಿಮೆ. ಕವಡೆ ಸಿಕ್ಕದಿದ್ದರೆ ಹುಣಸೆಯ ಬೀಜದ ಒಂದು ಮಗ್ಗುಲನ್ನು ಬೆಳ್ಳಗಾಗುವಂತೆ ತೇಯ್ದುಕೊಂಡರಾಯಿತು. ಇದಕ್ಕೆ ಮೈಸೂರಿನ ಕಡೆ ಚೌಕಾಬಾರವೆಂದು ಹೆಸರು. ಬೇರೆ ಕಡೆಗಳಲ್ಲಿ ಕಟ್ಟೆಮನೆ, ಗಟ್ಟಾಮನೆ, ಚಕ್ಕ ಎಂಬ ಹೆಸರುಗಳೂ ಇವೆ. ಕೊನೆಯಲ್ಲಿ ಎಕಾರವನ್ನು ಇಕಾರವಾಗಿ ನುಡಿಯುವ ನಮ್ಮ ಕಡೆಯವರ ಬಾಯಲ್ಲಿ ಕಟ್ಟೆಮನೆಯು ಕಟ್ಟಿಮನಿಯಾಗುತ್ತದೆ, ಕಟ್ಟಿಮನಿ ಎಂಬುದು ಮನೆತನದ ಹೆಸರೂ ಆಗಿರುವುದರಿಂದ, "ಕಟ್ಟಿಮನಿ ಎಲ್ಲಿ?" ಎಂದು ಕೇಳಿದವನಿಗೆ ಆಟವನ್ನು ತೋರಿಸಬೇಕೆ ಆಸಾಮಿಯನ್ನು ತೋರಿಸಬೇಕೆ ಎಂಬ ಸಂದೇಹ ಬಂದರೆ ಆಶ್ಚರ್ಯವಿಲ್ಲ.

ಈ ಎರಡು ಹೆಸರುಗಳನ್ನು ಹೋಲಿಸಿ ನೋಡಿರಿ. ಗುಣಾಕಾರದ ಗುರುತು ಹಾಕಿದ, ಕಾಯಿಯನ್ನು ಯಾರೂ ಹೊಡೆಯಲಾಗದ ಮನೆಗೆ ಕಟ್ಟೆಯೆಂದು ಹೆಸರು. ಆದುದರಿಂದ ಕಟ್ಟೆಮನೆಯೆಂಬುದು ಮಣೆಯ ಮೇಲಿನ ಒಂದು ಜಾಗದ ಹೆಸರು. ಅಪಾಯದಿಂದ ತಪ್ಪಿಸಿಕೊಂಡು ಉಸಿರಾಡುವ ಜಾಗ. ಚೌಕಾಬಾರವು ಹಾಗಲ್ಲ. ನಾಲ್ಕು ಕವಡೆಗಳೂ ಬಾಯಿ ಮೇಲಾಗಿ ಬಿದ್ದರೆ ಅದು ಚೌಕ, ಬೆಲೆ ೪. ನಾಲ್ಕೂ ಬೋರಲು ಬಿದ್ದರೆ ಅದು ಬಾರ, ಬೆಲೆ ೮. (ಹಿಂದಿಯ ಬಾರಹ ಹನ್ನೆರಡಾದರೂ ಆಟದ ಮಾತಿನ ಬಾರ ಎಂಟೆ.) ಎರಡರಲ್ಲಿ ಯಾವುದು ಬಿದ್ದರೂ ಮತ್ತೊಮ್ಮೆ ಎಸೆಯುವ ಹಕ್ಕು ದೊರೆಯುತ್ತದೆ. ಅಂದರೆ ಈ ಹೆಸರು ಮಣೆಯದಲ್ಲ, ಕಾಯಿಯದಲ್ಲ, ಎರಡು ಗರಗಳದು. ಐದು ಬಗೆಯ ಗರಗಳಿರುವಾಗ ಈ ಎರಡೆ ಏಕೆ ಹೆಸರಿಗೆ ಏರಿದುವು?

ಎಣಿಸಿ ನೋಡೋಣ. ಒಂದು ಕವಡೆ ಬಾಯಿ ಮೇಲಾಗಿ ಬೀಳುವುದೂ ಬೋರಲು ಬೀಳುವುದೂ ಸಮಸಾಧ್ಯವೆಂದು ಸದ್ಯಕ್ಕೆ ಭಾವಿಸಿದರೆ, ನಾಲ್ಕು ಕವಡೆಗಳು ಬೀಳುವ ರೀತಿಗಳು ಒಟ್ಟು ೧೬. ಅವುಗಳಲ್ಲಿ ಒಂದೆ ಬಾಯಿ ಮೇಲಾಗುವ ರೀತಿಗಳು ೪, ಎರಡು ಮೇಲಾಗುವ ರೀತಿಗಳು ೬, ಮೂರು ಮೇಲಾಗುವ ರೀತಿಗಳು ೪, ನಾಲ್ಕೂ ಮೇಲಾಗುವ ರೀತಿ ೧, ಯಾವುದೂ ಮೇಲಾಗದ ರೀತಿ ೧. ಎಂದರೆ ಹದಿನಾರರಲ್ಲಿ ಹದಿನಾಲ್ಕು ಸಲ ನಮಗೆ ಸಿಕ್ಕುವುದು ೧, ೨, ೩ ಎಂಬ ಸಾಧಾರಣ ಗರಗಳೆ. ಚೌಕವೂ ಬಾರವೂ ತಲಾ ಹದಿನಾರರಲ್ಲಿ ಒಂದು. ಗರಗಳ ಸರಾಸರಿ ಬೆಲೆ ಎರಡೂವರೆ ಮಾತ್ರ. ಹೀಗಿರಲು ಜಗುಲಿಯ ಮೇಲೆ ಕುಳಿತವರೆಲ್ಲರೂ ಕವಡೆ ಉರುಳುವಾಗ ಮುಂದಕ್ಕೆ ಬಾಗುವುದು ಯಾವುದಕ್ಕಾಗಿ ಎಂಬುದು ಸ್ಪಷ್ಟವಾಯಿತಷ್ಟೆ.

ಈ ಬಾಗುವಿಕೆಗೂ ಒಂದು ಅಳತೆಯುಂಟು. ಕ್ಲಾಡ್ ಶ್ಯಾನನ್ ಎಂಬ ಅಮೆರಿಕದ ಗಣಿತಜ್ಞನು ೧೯೪೮ ರಲ್ಲಿ ಪ್ರಕಟಿಸಿದ ಸಿದ್ಧಾಂತದಂತೆ, ಒಂದು ಘಟನೆ ನಮಗೆ ತಿಳಿಸುವ ಸುದ್ದಿಯ ಪ್ರಮಾಣವು ಅದು ಎಷ್ಟು ಅಪರೂಪವೆಂಬುದನ್ನು ಅವಲಂಬಿಸಿದೆ. ನಾಳೆ ಸೂರ್ಯನು ಹುಟ್ಟುತ್ತಾನೆಂದರೆ ಅದು ಸುದ್ದಿಯಲ್ಲ. ಬೇಸಗೆಯ ನಡುಮಧ್ಯಾಹ್ನ ಬ್ಯಾಡಗಿಯಲ್ಲಿ ಆಲಿಕಲ್ಲು ಬಿತ್ತೆಂದರೆ ಅದು ಸುದ್ದಿ. ಒಂದನ್ನು ಎಷ್ಟು ಸಲ ಅರ್ಧ ಅರ್ಧ ಮಾಡಿದರೆ ಆ ಘಟನೆಯ ಸಂಭವನೀಯತೆಯನ್ನು ಮುಟ್ಟುತ್ತೇವೆಯೊ ಅಷ್ಟು ಬಿಟ್ ಸುದ್ದಿ ಅದರಲ್ಲಿದೆ. ಅರ್ಧ, ಕಾಲು, ಅರೆಕಾಲು, ವೀಸ: ನಾಲ್ಕು ಸಲ. ಆದುದರಿಂದ ಚೌಕದಲ್ಲಿ ೪ ಬಿಟ್, ಬಾರದಲ್ಲಿ ೪ ಬಿಟ್. ಒಂದು ಮತ್ತು ಮೂರರ ಗರಗಳಲ್ಲಿ ೨ ಬಿಟ್. ಪದೇ ಪದೇ ಬೀಳುವ ಎರಡರ ಗರದಲ್ಲಿ ಸುಮಾರು ೧.೪ ಬಿಟ್ ಮಾತ್ರ. ಈ ಆಟವನ್ನು ಯಾರೂ ಎರಡು ಎಂದಾಗಲಿ ಮೂರು ಎಂದಾಗಲಿ ಕರೆಯಲಿಲ್ಲ. ಶ್ಯಾನನ್ನನ ಹೆಸರನ್ನೂ ಕೇಳದ ಜನರು ಐದು ಗರಗಳ ಪೈಕಿ ಅತ್ಯಂತ ಹೆಚ್ಚಿನ ಸುದ್ದಿಯುಳ್ಳ ಎರಡನ್ನು ಹೆಕ್ಕಿ ಒಟ್ಟಿಗೆ ಪೋಣಿಸಿದ್ದಾರೆ.

ಇದು ಕಾಕತಾಳೀಯವಿರಬಹುದೆ? ನೆರೆಹೊರೆಯನ್ನು ನೋಡೋಣ. ಇದೇ ಆಟಕ್ಕೆ ತೆಲುಗರು ಅಷ್ಟಾ ಚಮ್ಮ ಎನ್ನುತ್ತಾರೆ. ಅಷ್ಟ ಎಂದರೆ ಎಂಟು. ಚಮ್ಮ ಎಂಬುದು ಆ ಆಟದಲ್ಲಿ ನಾಲ್ಕಕ್ಕೆ ಹೇಳುವ ಮಾತು. ಅವರೂ ಅದೇ ಎರಡು ಗರಗಳನ್ನು, ಕ್ರಮವನ್ನು ಹಿಂದುಮುಂದು ಮಾಡಿ, ಹಿಡಿದಿದ್ದಾರೆ. ಉತ್ತರದ ಪಚ್ಚೀಸಿ ಇನ್ನೂ ಒಳ್ಳೆಯ ಸಾಕ್ಷಿ. ಅಕ್ಬರನ ಫತೇಪುರ್ ಸಿಕ್ರಿಯ ಅಂಗಳದಲ್ಲಿ ಇದರ ಮನೆಗಳನ್ನು ನೆಲಗಲ್ಲಿನ ಮೇಲೆಯೆ ದೊಡ್ಡದಾಗಿ ಮಾಡಿಸಿರುವುದನ್ನು ಈಗಲೂ ಕಾಣಬಹುದು. ಅಲ್ಲಿ ಪ್ರಚಲಿತವಿರುವ ಒಂದು ಕ್ರಮದಂತೆ ಎಸೆಯುವ ಕವಡೆಗಳು ಆರು. ಬೀಳುವ ರೀತಿಗಳು ೬೪. ಆರೂ ಬೋರಲು ಬಿದ್ದರೆ ೨೫, ಅದೇ ಪಚ್ಚೀಸ್. ಅರುವತ್ತನಾಲ್ಕರಲ್ಲಿ ಒಂದು, ಸುದ್ದಿ ೬ ಬಿಟ್. ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಆರೂ ಬಾಯಿ ಮೇಲಾಗಿ ಬೀಳುವುದೂ ಅಷ್ಟೆ ಅಪರೂಪವಾದುದು. ಆದರೆ ಅದರ ಬೆಲೆ ಬರಿಯ ೬. ಆಟಕ್ಕೆ ಆ ಗರದ ಹೆಸರು ಬರಲಿಲ್ಲ. ಎಂದ ಮೇಲೆ ಅಪರೂಪವೊಂದೆ ಸಾಲದು, ಅದರ ಮೇಲೆ ಏನಾದರೂ ಒತ್ತೆಯಿಟ್ಟಿರಬೇಕು. ತಮಿಳರ ದಾಯಂ ಈ ಮಾತನ್ನು ಇನ್ನೊಂದು ದಿಕ್ಕಿನಿಂದ ಸಮರ್ಥಿಸುತ್ತದೆ. ದಾಯವೆಂದರೆ ಒಂದರ ಗರ. ಅದು ಎಲ್ಲಕ್ಕಿಂತ ವಿರಳವಾದುದೇನಲ್ಲ. ಆದರೆ ಅದು ಬೀಳದ ಹೊರತು ಕಾಯಿ ಹೊರಡುವುದೆ ಇಲ್ಲ. ಆದುದರಿಂದ ಎಲ್ಲರ ಬಾಯಲ್ಲೂ ಅದೇ.

ನನ್ನ ಮಟ್ಟಿಗೆ ಒಳ್ಳೆಯ ಹೆಸರಿನ ಗುಟ್ಟು ಇಲ್ಲಿಯೆ ಇದೆ. ಆಟಗಾರನು ಯಾವುದಕ್ಕಾಗಿ ಉಸಿರು ಬಿಗಿಹಿಡಿದು ಕಾಯುತ್ತಾನೆಯೊ ಅಥವಾ ಯಾವುದಕ್ಕೆ ಅಂಜುತ್ತಾನೆಯೊ ಅದನ್ನು ಹೆಸರು ಮುಟ್ಟಬೇಕು.

ಇದಕ್ಕೆ ಎದುರಾದ ಉದಾಹರಣೆಯೂ ಕಣ್ಣೆದುರಿಗೆ ಇದೆ. ಪಚ್ಚೀಸಿಯನ್ನೆ ಸರಳಗೊಳಿಸಿ, ಕವಡೆಯ ಬದಲು ದಾಳವನ್ನು ಸೇರಿಸಿ, ಇಂಗ್ಲೆಂಡಿನಲ್ಲಿ ೧೮೯೬ ರಲ್ಲಿ ಪೇಟೆಂಟು ಪಡೆದ ಆಟ ಲೂಡೊ. ಲ್ಯಾಟಿನ್ ಭಾಷೆಯಲ್ಲಿ ಲೂಡೊ ಎಂದರೆ "ಆಡುತ್ತೇನೆ" ಎಂದರ್ಥ. ಊಟಕ್ಕೆ "ಉಣ್ಣುತ್ತೇನೆ" ಎಂದು ಹೆಸರಿಟ್ಟಂತಾಯಿತು! ಆದರೂ ಲೂಡೊ ಇಂದು ಹಳ್ಳಿಹಳ್ಳಿಯ ಅಂಗಡಿಯಲ್ಲಿದೆ, ಪ್ರತಿಯೊಬ್ಬರ ಫೋನಿನಲ್ಲಿದೆ. ಅದನ್ನು ಹರಡಿದುದು ಹೆಸರಲ್ಲ, ಅಗ್ಗದ ರಟ್ಟಿನ ಹಾಳೆ ಎಂದು ನನ್ನ ಅಭಿಪ್ರಾಯ. ಸರಕು ಸುಲಭವಾಗಿ ಕೈಗೆ ಸಿಕ್ಕುವಲ್ಲಿ ಹೆಸರಿಗೆ ಹೆಚ್ಚು ಕೆಲಸವಿಲ್ಲ.

ಇನ್ನು ಹುಲಿ-ಕುರಿಯ ಆಟ. ಹಂಪೆಯ ಮಂಟಪಗಳ ನೆಲಗಲ್ಲುಗಳಲ್ಲಿ ಇದರ ಗೆರೆಗಳನ್ನು ಕೊರೆದಿರುವುದನ್ನು ಪ್ರವಾಸ ಹೋದ ವಿದ್ಯಾರ್ಥಿಗಳು ಕಂಡಿರಬಹುದು. ತಮಿಳಿನಲ್ಲಿ ಆಡು-ಪುಲಿ, ತೆಲುಗಿನಲ್ಲಿ ಪುಲಿ-ಮೇಕ, ನೇಪಾಳದಲ್ಲಿ ಬಾಘ್ ಚಾಲ್, ಅಂದರೆ ಹುಲಿಯ ನಡೆ. ದಕ್ಷಿಣದಲ್ಲಿ ಸಾಮಾನ್ಯವಾಗಿ ಹುಲಿಗಳು ಮೂರು, ಕುರಿಗಳು ಹದಿನೈದು. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿಗೆ ತಿನ್ನುವ ಶಕ್ತಿಯಿಲ್ಲ, ಆದರೆ ಗುಂಪಾಗಿ ಸುತ್ತುವರಿದು ಹುಲಿಯನ್ನು ಅಲುಗಾಡದಂತೆ ಕಟ್ಟಿಹಾಕಬಲ್ಲವು. ದಾಳವೂ ಇಲ್ಲ, ಕವಡೆಯೂ ಇಲ್ಲ. ಆದುದರಿಂದ ಸಂಭವನೀಯತೆಯ ಲೆಕ್ಕ ಇಲ್ಲಿ ನಡೆಯದು. ಆದರೂ ಹೆಸರು ಅದೆಷ್ಟು ಸೊಗಸಾಗಿದೆ! ಅದರಲ್ಲಿ ಒಂದು ಪ್ರಶ್ನೆಯಿದೆ: ಕುರಿ ಹುಲಿಯನ್ನು ಗೆಲ್ಲಬಲ್ಲುದೆ? ಕೇಳಿದವನಿಗೆ ಕೂಡಲೆ ಆಡಿ ನೋಡಬೇಕೆನಿಸುತ್ತದೆ. ಮೇಲಾಗಿ, "ನೀನು ಹುಲಿಯಾಗುತ್ತೀಯೊ ಕುರಿಯಾಗುತ್ತೀಯೊ?" ಎಂದು ಕೇಳಿದ ಕ್ಷಣವೆ ಇಬ್ಬರು ಮಕ್ಕಳು ಎರಡು ಪಾತ್ರಗಳನ್ನು ಧರಿಸಿದಂತಾಯಿತು. ಪಾತ್ರದ ಆಟ ನಮಗೆ ಪೂರ್ತಿ ಹೊಸದಲ್ಲವೆಂದು ಹೇಳಲು ನನಗೆ ಇಷ್ಟು ಸಾಕು.

ಈ ಸಿದ್ಧತೆಯೊಡನೆ ಅಮೆರಿಕದ ಆಟವನ್ನು ನೋಡಬಹುದು. ಪಾತ್ರದ ಆಟಗಳ ಪೈಕಿ ಅಚ್ಚಾಗಿ ಮಾರಾಟಕ್ಕೆ ಬಂದ ಮೊದಲನೆಯದೆಂದು ಎಲ್ಲರೂ ಒಪ್ಪುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಇದನ್ನು ರಚಿಸಿ ೧೯೭೪ ರಲ್ಲಿ ಹೊರತಂದರು. ಮೊದಲ ಮುದ್ರಣ ೧೦೦೦ ಪ್ರತಿಗಳು. ಒಂದು ಪೆಟ್ಟಿಗೆಯಲ್ಲಿ ಮೂರು ಕಿರುಪುಸ್ತಕಗಳು. ಬರೆಯುತ್ತಿದ್ದ ಕಾಲದಲ್ಲಿ ಅದನ್ನು ಸುಮ್ಮನೆ ದ ಫ್ಯಾಂಟಸಿ ಗೇಮ್, ಎಂದರೆ ಕಲ್ಪನೆಯ ಆಟ, ಎಂದು ಕರೆಯುತ್ತಿದ್ದರು. ಗೈಗ್ಯಾಕ್ಸನು ಹಲವು ಜೋಡಿ ಪದಗಳ ಪಟ್ಟಿಯನ್ನು ಮಾಡಿ ಮನೆಯವರಿಗೂ ಗೆಳೆಯರಿಗೂ ತೋರಿಸಿದನೆಂದೂ, ಅವನ ಪುಟ್ಟ ಮಗಳು ಈ ಜೋಡಿಯನ್ನು ಮೆಚ್ಚಿದಳೆಂದೂ ಆಟಗಾರರಲ್ಲಿ ಒಂದು ಕಥೆ ಪ್ರಚಾರದಲ್ಲಿದೆ. ಕಥೆ ಹೇಗಾದರೂ ಇರಲಿ, ಆಯ್ಕೆ ಸರಿಯಾಗಿತ್ತು. ಕಲ್ಪನೆಯ ಆಟವೆಂಬ ಹೆಸರು ಆಟದ ಜಾತಿಯನ್ನು ಹೇಳುತ್ತದೆ. ಆದರೆ ಒಳಗೆ ಏನಿದೆ, ಅಲ್ಲಿ ಯಾರಿಗೆ ಅಂಜಬೇಕು ಎಂಬುದನ್ನು ಹೇಳುವುದಿಲ್ಲ. ಕತ್ತಲೆಯ ನೆಲಮಾಳಿಗೆ ಒಂದು, ಅದರಲ್ಲಿ ಬೆಂಕಿಯುಗುಳುವ ಮಹಾಸರ್ಪ ಒಂದು ಎಂದೊಡನೆ ಕೇಳುವವನ ಕಾಲುಗಳು ಮೆಟ್ಟಿಲಿಳಿಯತೊಡಗುತ್ತವೆ. ಜಾಗ ಮತ್ತು ಹಗೆ, ಇವೆರಡೆ. ಅದೂ ಒಂದೆ ಅಕ್ಷರದಿಂದ ಪ್ರಾರಂಭವಾಗುವ ಎರಡು ಪದಗಳು.

ಆಮೇಲೆ ಬಂದವರು ಈ ಅಚ್ಚನ್ನು ಎಷ್ಟು ಬೇಗ ಎತ್ತಿಕೊಂಡರೆಂದರೆ ೧೯೭೫ ರಲ್ಲಿಯೆ ಟನಲ್ಸ್ ಅಂಡ್ ಟ್ರೋಲ್ಸ್ ಎಂಬ ಆಟ ಬಂದಿತು: ಸುರಂಗಗಳು ಮತ್ತು ರಾಕ್ಷಸರು. ಬೇರೆ ದಾರಿ ಹಿಡಿದವರೂ ಇದ್ದಾರೆ. ೧೯೭೭ ರ ಟ್ರ್ಯಾವೆಲರ್ ಆಟಗಾರನು ಯಾರೆಂಬುದನ್ನಷ್ಟೆ ಹೇಳಿತು: ಪಯಣಿಗ. ೧೯೮೪ ರ ಪ್ಯಾರನೋಯಾ ಆಡುವಾಗ ಮನಸ್ಸಿಗೆ ಏನಾಗುವುದೆಂಬುದನ್ನೆ ಹೆಸರಾಗಿಸಿತು. ಅಲ್ಲಿ ಪಕ್ಕದಲ್ಲಿ ಕುಳಿತವನನ್ನೂ ನಂಬುವಂತಿಲ್ಲ. ಇನ್ನೊಂದು ವಿನೋದದ ಪ್ರಸಂಗ ೧೯೮೬ ರಲ್ಲಿ ಹೊರಬಂದ ಗರ್ಪ್ಸ್. ಹೆಸರು ತೋಚದೆ ಇದ್ದಾಗ "ಹೆಸರಿಲ್ಲದ ಮಹಾ ಪಾತ್ರದಾಟ ಪದ್ಧತಿ" ಎಂಬ ಅರ್ಥ ಬರುವ ಪದಗಳ ಮೊದಲಕ್ಷರಗಳನ್ನು ಹಾಸ್ಯಕ್ಕಾಗಿ ಜೋಡಿಸಿಕೊಂಡಿದ್ದರು. ಕೊನೆಗೂ ಬೇರೆ ಹೆಸರು ಸಿಕ್ಕದೆ, ಅಕ್ಷರಗಳನ್ನು ಹಾಗೆಯೆ ಉಳಿಸಿಕೊಂಡು ಅವುಗಳ ವಿಸ್ತರಣೆಯನ್ನು ಮಾತ್ರ ಬದಲಿಸಿದರು. ಯಾವ ಕಥೆಗಾದರೂ ಹೊಂದುವ ನಿಯಮಗಳ ಪುಸ್ತಕ ಅದು. ಎಲ್ಲಕ್ಕೂ ಹೊಂದುವುದಕ್ಕೆ ನಿರ್ದಿಷ್ಟ ಹೆಸರು ಸಿಕ್ಕದುದು ಸಹಜವೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಇಪ್ಪತ್ತು ಮುಖಗಳ ದಾಳವೊಂದುಂಟು. ರೇಖಾಗಣಿತದ ಐದು ಸಮಘನಾಕೃತಿಗಳಲ್ಲಿ ಅದು ಒಂದು. ಇಪ್ಪತ್ತು ಬಿದ್ದಾಗ ಆಟಗಾರರು ಎದ್ದು ಕೂಗುತ್ತಾರೆ. ಅದರ ಸುದ್ದಿಯನ್ನು ಲೆಕ್ಕ ಹಾಕಿದರೆ ೪.೩೨ ಬಿಟ್ ಬರುತ್ತದೆ. ನಮ್ಮ ಚೌಕದ ೪ ಬಿಟ್ಟಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಹದಿನಾರಿಪ್ಪತ್ತು ಸಲಕ್ಕೆ ಒಮ್ಮೆ ಎಂಬುದು, ಬೇಸರವೂ ಬಾರದೆ ಅಗ್ಗವೂ ಆಗದೆ ಮನುಷ್ಯನು ಕಾಯಬಲ್ಲ ಅವಧಿಯಿರಬಹುದೆ? ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಯೋಚಿಸಬಹುದಾದ ವಿಷಯ.

ಹೆಸರು ಬದಲಾದರೆ ಅದೇ ಆಟ ಬೇರೆಯಾಗಿ ತೋರುವುದಕ್ಕೆ ಹಾವು-ಏಣಿಯ ಆಟವೆ ದೃಷ್ಟಾಂತ. ಹಿಂದೆ ಇದು ಪುಣ್ಯಪಾಪಗಳ ಪಟವಾಗಿತ್ತು. ಪರಮಪದ ಸೋಪಾನವೆಂದು ದಕ್ಷಿಣದಲ್ಲಿ ಕರೆಯುತ್ತಿದ್ದರು. ಆ ಹೆಸರು ಕೊನೆಯ ಮನೆಯನ್ನು, ತಲಪಬೇಕಾದ ಗುರಿಯನ್ನು ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋದಾಗ ಗುರಿ ಕಳಚಿಬಿದ್ದು ದಾರಿಯ ಅಪಾಯ ಮತ್ತು ಅದೃಷ್ಟ ಮಾತ್ರ ಹೆಸರಿನಲ್ಲಿ ಉಳಿದುವು. ಅಮೆರಿಕದವರು ೧೯೪೩ ರಲ್ಲಿ ಹಾವನ್ನೂ ಬಿಟ್ಟು ಜಾರುಬಂಡೆಯನ್ನು ಇಟ್ಟುಕೊಂಡರು. ಮೋಕ್ಷಾಪೇಕ್ಷಿಗಳಿಗೆ ಹಳೆಯ ಹೆಸರು ಹಿತವಾಗಿರಬಹುದು. ತೊಂಬತ್ತೆಂಟನೆಯ ಮನೆಯಿಂದ ಒಮ್ಮೆ ಕೆಳಕ್ಕೆ ಜಾರಿದ ಮಗುವಿಗೆ ಮಾತ್ರ ಆಟವೆಂದರೆ ಹಾವೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು (೧೭೯೪–೧೮೬೮) ಇಲ್ಲಿ ನೆನೆಯದೆ ಇರಲಾಗದು. ಆಟಗಳನ್ನು ಅಷ್ಟೊಂದು ಶ್ರದ್ಧೆಯಿಂದ ರಚಿಸಿದ ಅರಸರು ಅಪೂರ್ವ. ಅವರ ಶ್ರೀತತ್ತ್ವನಿಧಿಯೆಂಬ ಮಹಾಗ್ರಂಥದ ಕೌತುಕನಿಧಿ ಭಾಗದಲ್ಲಿ ಗಂಜೀಫಾ ಎಲೆಗಳ ಅನೇಕ ಹೊಸ ಆಟಗಳು ನಿರೂಪಿತವಾಗಿವೆ. ಅವುಗಳಲ್ಲಿ ಚಾಮುಂಡೇಶ್ವರಿ ಛದದಲ್ಲಿ ೩೨೦ ಎಲೆಗಳು, ಜಗನ್ಮೋಹನ ಛದದಲ್ಲಿ ೩೬೦ ಎಲೆಗಳು. ಹೆಸರುಗಳು ಗಂಭೀರವಾಗಿವೆ, ಪೂಜ್ಯವಾಗಿವೆ. ಆದರೆ ಅವು ಅರಮನೆಯಾಚೆ ಜನರ ನಾಲಗೆಯ ಮೇಲೆ ನಿಲ್ಲಲಿಲ್ಲ. ಮುಖ್ಯವಾದ ಕಾರಣ ಹೆಸರಲ್ಲವೆಂಬುದು ನಿಜ. ಕೈಯಿಂದ ಚಿತ್ರಿಸಿದ ೩೬೦ ಎಲೆಗಳನ್ನು ಕೊಳ್ಳಬಲ್ಲವರು, ನೆನಪಿಟ್ಟುಕೊಳ್ಳಬಲ್ಲವರು ಎಷ್ಟು ಮಂದಿ? ಆದರೂ ದೇವಿಯ ಹೆಸರು ಆಟವನ್ನು ಯಾರಿಗೆ ಅರ್ಪಿಸಿದೆಯೆಂಬುದನ್ನು ತಿಳಿಸುತ್ತದೆಯೆ ಹೊರತು, ಕೈಯಲ್ಲಿ ಎಲೆ ಹಿಡಿದವನು ಯಾವುದಕ್ಕೆ ಕಾಯುತ್ತಾನೆಂಬುದನ್ನು ತಿಳಿಸುವುದಿಲ್ಲ. ಅತ್ತ ಬೀದಿಯ ಮಕ್ಕಳು ಹುಣಸೆಯ ಬೀಜಗಳಿಂದ ಚೌಕಾಬಾರ ಆಡುತ್ತಲೆ ಇದ್ದರು.

ಅರ್ಥದ ಮಾತು ಇಷ್ಟಾಯಿತು. ಧ್ವನಿಯೂ ಒಂದು ಪಾಲನ್ನು ಕೇಳುತ್ತದೆ. ಎಡ್ವರ್ಡ್ ಸಪೀರ್ ಎಂಬ ಭಾಷಾವಿಜ್ಞಾನಿ ೧೯೨೯ ರಲ್ಲಿ ಒಂದು ಪ್ರಯೋಗವನ್ನು ವರದಿ ಮಾಡಿದನು. ಮಿಲ್, ಮಲ್ ಎಂಬ ಅರ್ಥವಿಲ್ಲದ ಎರಡು ಪದಗಳನ್ನು ಕೊಟ್ಟು, ಇವುಗಳಲ್ಲಿ ದೊಡ್ಡ ಮೇಜು ಯಾವುದು, ಚಿಕ್ಕ ಮೇಜು ಯಾವುದು ಎಂದು ಕೇಳಿದಾಗ, ಹೆಚ್ಚಿನವರು ಮಲ್ ಎಂಬುದೆ ದೊಡ್ಡದೆಂದರು. ಇಕಾರವನ್ನು ನುಡಿಯುವಾಗ ಬಾಯಿಯ ಒಳಗಿನ ಅವಕಾಶ ಕಿರಿದಾಗುತ್ತದೆ, ಅಕಾರ ಆಕಾರಗಳಲ್ಲಿ ಅದು ತೆರೆದುಕೊಳ್ಳುತ್ತದೆ. ನಮ್ಮ ಚಿಣ್ಣಿ-ದಾಂಡನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿರಿ. ಗೇಣುದ್ದವಿಲ್ಲದ ಕಡ್ಡಿ ಚಿಣ್ಣಿ. ಅದನ್ನು ಹೊಡೆಯುವ ಮೊಳದುದ್ದದ ಕೋಲು ದಾಂಡು. ಚಿಕ್ಕದಕ್ಕೆ ಇಕಾರ, ದೊಡ್ಡದಕ್ಕೆ ಆಕಾರ!

ಅದೇ ೧೯೨೯ ರಲ್ಲಿ ಕೋಲರ್ ಎಂಬ ಮನಶ್ಶಾಸ್ತ್ರಜ್ಞನು ದುಂಡಾದ ಆಕೃತಿಗೂ ಮೊನೆಗಳುಳ್ಳ ಆಕೃತಿಗೂ ಅರ್ಥವಿಲ್ಲದ ಹೆಸರುಗಳನ್ನು ಹೊಂದಿಸುವ ಪರೀಕ್ಷೆಯನ್ನು ಹೇಳಿದನು. ರಾಮಚಂದ್ರನ್ ಮತ್ತು ಹಬ್ಬಾರ್ಡ್ ಎಂಬವರು ೨೦೦೧ ರಲ್ಲಿ ಬೂಬಾ, ಕೀಕಿ ಎಂಬ ಪದಗಳೊಡನೆ ಅದನ್ನು ಮತ್ತೆ ಚರ್ಚೆಗೆ ತಂದರು. ನೂರಕ್ಕೆ ೯೫ ಮಂದಿಯಾದರೂ ದುಂಡಗಿನದಕ್ಕೆ ಬೂಬಾ, ಮೊನಚಾದುದಕ್ಕೆ ಕೀಕಿ ಎಂದರು. ಇದನ್ನು ಓದಿದಾಗ ನನಗೆ ಬ್ಯಾಡಗಿಯ ಪೇಟೆ ನೆನಪಾಗದೆ ಇರಲಿಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆಯೆಂದು ಹೆಸರಾಗಿ, ೨೦೧೧ ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಬಗೆ: ಗಿಡ್ಡಗೆ ದಪ್ಪನಾದುದು ಡಬ್ಬಿ, ಸಣ್ಣಗೆ ಉದ್ದವಾದುದು ಕಡ್ಡಿ. ಡಬ್ಬಿಯಲ್ಲಿ ತುಟಿ ಕೂಡಿಸಿ ನುಡಿಯುವ ಬಕಾರ, ಕಡ್ಡಿಯಲ್ಲಿ ಗಂಟಲ ಬಳಿ ಹುಟ್ಟುವ ಕಕಾರ. ಬೂಬಾ-ಕೀಕಿಯ ಸಿದ್ಧಾಂತಕ್ಕೆ ಇದನ್ನು ಪುರಾವೆಯಾಗಿ ಕೊಡಲು ನಾನು ಸಿದ್ಧನಿಲ್ಲ, ಏಕೆಂದರೆ ಡಬ್ಬಿ ಕಡ್ಡಿಗಳು ಮೊದಲೆ ಅರ್ಥವುಳ್ಳ ಮಾತುಗಳು. ಆದರೆ ಒಬ್ಬ ಹಮಾಲನೂ ಒಬ್ಬ ದಲಾಲನೂ ಚೀಲಗಳ ರಾಶಿಯ ಆಚೆ ಈಚೆ ನಿಂತು ಒಂದೆ ಮಾತಿನಲ್ಲಿ ಒಬ್ಬರನ್ನೊಬ್ಬರು ತಿಳಿದುಕೊಳ್ಳುತ್ತಾರಲ್ಲ, ಹೆಸರಿನ ಕೆಲಸ ಅದು.

ದೂರಕ್ಕೆ ಕೇಳಿಸುವುದೆಂದರೆ ಭೌತಶಾಸ್ತ್ರದ ವಿಷಯ. ಮಾತಿನ ಧ್ವನಿಶಕ್ತಿಯ ಬಹುಭಾಗವನ್ನು ಹೊರುವುವು ಸ್ವರಗಳು. ಅವುಗಳಲ್ಲಿಯೂ ಬಾಯಿ ಅಗಲವಾಗಿ ತೆರೆಯುವ ಆಕಾರ ಎಲ್ಲಕ್ಕಿಂತ ಗಟ್ಟಿ. ಸ, ಶ ಮೊದಲಾದ ಊಷ್ಮಗಳ ಶಕ್ತಿ ಕಡಿಮೆ, ಕಂಪನ ಹೆಚ್ಚು. ಗಾಳಿಯಲ್ಲಿ ಬೇಗ ಸೋರಿಹೋಗುತ್ತವೆ. ಚೌಕಾಬಾರದಲ್ಲಿ ಎರಡು ಆಕಾರಗಳಿವೆ. ಬೀದಿಯ ಆ ತುದಿಯಿಂದ ಕೂಗಿದರೂ ಈ ತುದಿಗೆ ಕೇಳಿಸುತ್ತದೆ. "ಬಾರೋ, ಹುಲಿ-ಕುರಿ ಆಡೂಣು" ಎಂಬಲ್ಲಿ ಆಟದ ಹೆಸರಿನೊಳಗೆ ಆಕಾರವಿಲ್ಲದಿದ್ದರೂ ಪ್ರಾಸವುಂಟು. ಇಂಗ್ಲಿಷಿನವರಿಗೆ ಎರಡು ಪದಗಳ ನಡುವೆ ಅಂಡ್ ಎಂಬ ಕೊಂಡಿ ಬೇಕು. ಕನ್ನಡಕ್ಕೆ ದ್ವಂದ್ವಸಮಾಸವಿದೆ, ಹುಲಿ, ಕುರಿಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಸಾಕು, ಜಗಳ
ತಾನೆ ಹುಟ್ಟುತ್ತದೆ. ಇದು ನಮ್ಮ ಭಾಷೆಯ ಒಂದು ಅನುಕೂಲ. ಹೊಸ ಆಟಗಳನ್ನು ರಚಿಸುವ ನಮ್ಮ ಹುಡುಗರು ಇದನ್ನು ಕಣ್ಣೆತ್ತಿಯೂ ನೋಡದೆ ಇಂಗ್ಲಿಷ್ ಹೆಸರುಗಳ ಬೆನ್ನು ಹತ್ತುವುದು ನನಗೆ ಸರಿದೋರದು.

ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಹೀಗೊಂದು ಪಾತ್ರದ ಆಟವನ್ನು ಕಟ್ಟಿದ್ದಾರೆ. ರಾಣೆಬೆನ್ನೂರಿನ ಕಡೆಯ ಹೊಲವೊಂದರಿಂದ ಮೆಣಸಿನಕಾಯಿ ಹೇರಿದ ಚಕ್ಕಡಿಗಳು ರಾತ್ರಿ ಹೊರಟು ಬೆಳಗಾಗುವುದರೊಳಗೆ ಬ್ಯಾಡಗಿಯ ಪೇಟೆಯನ್ನು ಸೇರಬೇಕು, ಆಟಗಾರರು ಗಾಡಿಯವರು. ಕೃಷ್ಣಮೃಗಗಳಿಗಾಗಿ ೧೯೭೪ ರಲ್ಲಿ ಏರ್ಪಟ್ಟ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ತೋಳಗಳೂ ಇರುವುದರಿಂದ ದಾರಿಯ ಭಯಕ್ಕೆ ಬೇರೆ ಕಲ್ಪನೆ ಬೇಕಾಗಲಿಲ್ಲ. ದಾಳದ ಬದಲು ನಾಲ್ಕು ಕವಡೆ. ನಾಲ್ಕೂ ಬೋರಲು ಬಿದ್ದರೆ ತೋಳ ಬಂದಂತೆ. ಅವರು ಮೊದಲು ಯೋಚಿಸಿದ ಹೆಸರು ಸಾಹಸಲೋಕ, ಅನಂತರದ್ದು ರೆಡ್ ರೋಡ್. ಮೊದಲನೆಯದು ಯಾವ ಆಟಕ್ಕಾದರೂ ಆದೀತು; ಎರಡನೆಯದರಲ್ಲಿ ಮೆಣಸಿನಕಾಯಿಯ ಬಣ್ಣವಿದ್ದರೂ ಭಯವಿಲ್ಲ. ಅವರಲ್ಲಿ ಒಬ್ಬಳು, "ಸರ್, ಕವಡಿ ಬ್ವಾರಲ ಬಿದ್ದಾಗ ನಾವೆಲ್ಲಾ ಏನಂತ ಒದರ್ತೇವಿ, ಅದನ್ನ ಹೆಸರಿಟ್ಟರ ಹೆಂಗ್ರಿ?" ಎಂದಳು. ಅವರು ಒದರುತ್ತಿದ್ದುದು "ತೋಳ ಬಂತು!"

ಹೆಸರು ನನಗೆ ಹಿಡಿಸಿತು. ಸುಳ್ಳು ಕೂಗಿದ ಕುರಿಗಾಹಿ ಹುಡುಗನ ಕಥೆಯನ್ನು ಅರಿಯದವರಾರು? ಅದೇ ಕಥೆ ಈ ಹೆಸರಿಗೆ ಒಂದು ಹೊಣೆಯನ್ನೂ ಹೊರಿಸುತ್ತದೆ: ತೋಳ ಬರಬೇಕು. ಒಂದು ಗರದಲ್ಲಿ ತೋಳ ಬಾರದಿರುವ ಸಂಭವನೀಯತೆ ೧೫/೧೬. ಆಟ ಹತ್ತು ಗರಗಳಿಗೆ ಮುಗಿದರೆ ಒಮ್ಮೆಯೂ ತೋಳ ಬಾರದೆ ಹೋಗುವ ಸಂಭವ ನೂರಕ್ಕೆ ೫೨; ಅರ್ಧಕ್ಕಿಂತ ಹೆಚ್ಚು ಸಲ ಹೆಸರು ಸುಳ್ಳಾಗುತ್ತದೆ. ಮೂವತ್ತು ಗರಗಳಾದರೆ ಅದು ನೂರಕ್ಕೆ ೧೪ ಕ್ಕೆ ಇಳಿಯುತ್ತದೆ. ಆದುದರಿಂದ ದಾರಿಯನ್ನು ಮೂರು ಪಟ್ಟು ಉದ್ದ ಮಾಡಬೇಕೆಂದು ಅವರಿಗೆ ಸೂಚಿಸಿದೆನು. ಹೆಸರಿಗೆ ತಕ್ಕಂತೆ ಆಟವನ್ನು ತಿದ್ದುವುದೂ ಉಂಟು ಎಂಬುದು ಹೀಗೆ ಗೊತ್ತಾಯಿತು.

ಕವಡೆ ಸಮಸಾಧ್ಯವಾಗಿ ಬೀಳುವುದೆಂದು ಈವರೆಗೆ ಭಾವಿಸಿದೆವಷ್ಟೆ. ವಾಸ್ತವವಾಗಿ ಅದರ ಒಂದು ಮಗ್ಗುಲು ಉಬ್ಬು, ಇನ್ನೊಂದು ಚಪ್ಪಟೆ. ಎರಡೂ ಸಮನಾಗಿರಬೇಕೆಂಬ ನಿಯಮವಿಲ್ಲ. ಬಾಯಿ ಮೇಲಾಗುವ ಸಂಭವ ೦.೬ ಎಂದಿಟ್ಟುಕೊಂಡರೆ ಚೌಕವು ನೂರಕ್ಕೆ ಸುಮಾರು ೧೩ ಸಲ ಬೀಳುತ್ತದೆ, ಬಾರವು ಎರಡೂವರೆ ಸಲ ಮಾತ್ರ. ಆಗ ತೋಳ ಬಹಳ ಅಪರೂಪದ ಅತಿಥಿಯಾಗುತ್ತದೆ. ನಿಮ್ಮ ಕವಡೆಗಳ ಗುಣವನ್ನು ತಿಳಿಯುವುದು ಕಷ್ಟವಲ್ಲ. ಒಂದೆ ಅಳತೆಯ ನಾಲ್ಕು ಕವಡೆಗಳನ್ನು ಆರಿಸಿಕೊಂಡು, ಸಮತಟ್ಟಾದ ನೆಲದ ಮೇಲೆ ೧೬೦ ಸಲ ಎಸೆದು, ಚೌಕ ಎಷ್ಟು, ಬಾರ ಎಷ್ಟು ಎಂದು ಬರೆದಿಡಿರಿ. ಸಮಸಾಧ್ಯವಾದರೆ ಎರಡೂ ಹತ್ತರ ಆಸುಪಾಸಿನಲ್ಲಿರಬೇಕು. ಇಲ್ಲವಾದರೆ ಚೌಕದ ಸಂಖ್ಯೆಯನ್ನು ಬಾರದ ಸಂಖ್ಯೆಯಿಂದ ಭಾಗಿಸಿ, ಬಂದುದರ ವರ್ಗಮೂಲವನ್ನು ತೆಗೆದು, ಅದರ ವರ್ಗಮೂಲವನ್ನು ಇನ್ನೊಮ್ಮೆ ತೆಗೆಯಿರಿ. ಒಂದು ಕವಡೆ ಬಾಯಿ ಮೇಲಾಗುವ ಸಂಭವವು ಬೋರಲಾಗುವ ಸಂಭವದ ಎಷ್ಟು ಪಟ್ಟು ಎಂಬುದು ಸರಿಸುಮಾರಾಗಿ ದೊರೆಯುತ್ತದೆ. ಹುಣಸೆಯ ಬೀಜಗಳಿಂದಲೂ ಇದನ್ನೆ ಮಾಡಿ ಎರಡು ಉತ್ತರಗಳನ್ನು ಹೋಲಿಸಬಹುದು.